ಮನೆಗೆ ಬಂದ ಮೇಲೆ ಕಾಡಿದ ಊರು

ಆರು ವರ್ಷ ವಿದೇಶದಲ್ಲಿದ್ದು, ನನ್ನಿಷ್ಟದಿಂದಲೇ ವಾಪಸ್ ಬಂದೆ. ಮೊದಲ ತಿಂಗಳು ಹೇಗೆ ಕಳೆಯಿತೋ ಗೊತ್ತಾಗಲಿಲ್ಲ. ಎರಡನೇ ತಿಂಗಳು ಒಂದು ಸಂಜೆ ಫೋನ್‌ನಲ್ಲಿ ಅಲ್ಲಿನ ಹವಾಮಾನ ನೋಡುತ್ತಾ ಕೂತಿದ್ದೆ. ಅಲ್ಲಿ ಮಳೆ. ಸುಮ್ನೆ ಅಳು ಬಂತು.

ಇದನ್ನು ಯಾರಿಗೆ ಹೇಳುವುದು? ಅಲ್ಲಿದ್ದಾಗ ಮನೆ ನೆನಪಾಗುತ್ತದೆ ಅಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಮನೆಯಲ್ಲಿ ಕೂತು ಅಲ್ಲಿಯದು ನೆನಪಾಗುತ್ತದೆ ಅಂದರೆ, 'ಮತ್ತೆ ಯಾಕೆ ಬಂದೆ?' ಅನ್ನುತ್ತಾರೆ. ಬಂದದ್ದು ತಪ್ಪು ಅಂತ ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಆದರೂ ಸಂಕಟ ಇತ್ತು.

ಹುಡುಕಿ ಓದಿದಾಗ ಒಂದು ವಿಷಯ ಸಿಕ್ಕಿತು. ಹೊರದೇಶಕ್ಕೆ ಹೋದವರ ಮನಸ್ಸು ಮೊದಲು ಹಿಗ್ಗಿ, ಆಮೇಲೆ ಕುಗ್ಗಿ, ಮತ್ತೆ ಚೇತರಿಸಿಕೊಳ್ಳುತ್ತದೆ ಅಂತ 1955ರಲ್ಲಿ ನಾರ್ವೆಯ ಸಮಾಜಶಾಸ್ತ್ರಜ್ಞ ಲಿಸ್‌ಗಾರ್ಡ್ ಬರೆದಿದ್ದರು. ಇಂಗ್ಲಿಷಿನ 'ಯು' ಅಕ್ಷರದ ಹಾಗೆ. ವಾಪಸ್ ಬಂದ ಮೇಲೂ ಅದೇ ಇಳಿತ ಇನ್ನೊಮ್ಮೆ ಬರುತ್ತದೆ ಅಂತ 1963ರಲ್ಲಿ ಸಂಶೋಧಕರಾದ ಜಾನ್ ಮತ್ತು ಜೀನ್ ಗುಲ್ಲಾಹಾರ್ನ್ ಅದನ್ನು 'ಡಬ್ಲ್ಯೂ' ಮಾಡಿದರು. ಎಲ್ಲರಿಗೂ ಹೀಗೇ ಆಗಬೇಕಂತಿಲ್ಲ. ಆದರೆ ಇದಕ್ಕೊಂದು ಹೆಸರಿದೆ ಅಂತ ಗೊತ್ತಾದದ್ದೇ ನನಗೆ ದೊಡ್ಡ ಸಮಾಧಾನ.

ಆಮೇಲೆ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಟ್ಟೆ. ನೆನಪು ಬಂದಾಗಲೆಲ್ಲ, ನಿಜವಾಗಿ ಏನು ನೆನಪಾಯಿತು ಅಂತ. ಆ ದೇಶ ಅಂತ ಎಲ್ಲೂ ಬರೆದಿರಲಿಲ್ಲ. ಸಂಜೆ ಒಬ್ಬಳೇ ನಡೆಯುತ್ತಿದ್ದದ್ದು ಇತ್ತು. ಒಬ್ಬ ಗೆಳತಿ ಇದ್ದಳು. ಬೇಸಿಗೆಯಲ್ಲಿ ರಾತ್ರಿ ಒಂಬತ್ತಾದರೂ ಹೋಗದ ಬೆಳಕು ಇತ್ತು. ಎಲ್ಲಕ್ಕಿಂತ ಜಾಸ್ತಿ ಸಲ ಬಂದದ್ದು ಅಲ್ಲಿನ ಭಾಷೆ. ಆ ಭಾಷೆಯಲ್ಲಿ ನಾನು ಇಲ್ಲಿಗಿಂತ ಧೈರ್ಯದ ಹುಡುಗಿ. ಇಷ್ಟವಿಲ್ಲದ್ದಕ್ಕೆ ಇಲ್ಲ ಅನ್ನುತ್ತಿದ್ದೆ, ಜೋರಾಗಿ ನಗುತ್ತಿದ್ದೆ. ಇಲ್ಲಿ ಬಂದ ಕೂಡಲೇ ಮತ್ತೆ ಮನೆಯ ಚಿಕ್ಕ ಮಗಳಾಗಿಬಿಟ್ಟಿದ್ದೆ. ನಾನು ಹುಡುಕುತ್ತಿದ್ದದ್ದು ಆ ಹುಡುಗಿಯನ್ನು ಅಲ್ವಾ!

ಹಾಗಾಗಿ ಅವಳಿಗೆ ಇಲ್ಲೇ ಜಾಗ ಮಾಡಲು ಹೊರಟೆ. "ದಿನಾ ಸಂಜೆ ಒಂದು ಗಂಟೆ ಒಬ್ಬಳೇ ನಡೆದು ಬರ್ತೀನಮ್ಮಾ, ಬೇಜಾರಾಗಿ ಅಲ್ಲ" ಅಂದೆ. ಅಮ್ಮನಿಗೆ ಒಪ್ಪಲು ಸ್ವಲ್ಪ ದಿನ ಬೇಕಾಯಿತು. ಗೆಳತಿಯ ಜೊತೆ 'ಬಿಡುವಾದಾಗ ಮಾತಾಡೋಣ' ಅಂದದ್ದು ಒಂದೂ ನಡೆಯಲಿಲ್ಲ. ಈಗ ಭಾನುವಾರಕ್ಕೆ ಹೊತ್ತು ಗೊತ್ತುಮಾಡಿಕೊಂಡಿದ್ದೇವೆ, ಅವಳ ಭಾಷೆಯಲ್ಲೇ ಮಾತು. ಮಾರ್ಚ್‌ನಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಅದು ಮರೆತು ಒಮ್ಮೆ ಕರೆ ತಪ್ಪಿಹೋಯಿತು. ಆ ವಾರ ಪೂರ್ತಿ ಮಂಕಾಗಿದ್ದೆ.

ಒಂದು ಅಭ್ಯಾಸ ಮಾತ್ರ ಬಿಡಲೇಬೇಕಾಯಿತು. ಯಾವುದಕ್ಕೂ 'ಅಲ್ಲಿ ಹೀಗಿರಲಿಲ್ಲ' ಅನ್ನುತ್ತಿದ್ದೆ. ಒಂದು ದಿನ ತಮ್ಮ ಮಾತು ಅರ್ಧಕ್ಕೆ ನಿಲ್ಲಿಸಿ ಎದ್ದುಹೋದ. "ನಾವು ನಿನಗೆ ಸಾಲದಾ ಅಕ್ಕಾ?" ಅಂತ ಆಮೇಲೆ ಕೇಳಿದ. ಆವತ್ತು ಪುಸ್ತಕ ತಂದು ಅವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಮೊದಲೇ ಹೇಳಬೇಕಿತ್ತು.

ಒಂಬತ್ತು ಗಂಟೆಯ ಬೆಳಕನ್ನು ಮಾತ್ರ ತರಲು ಆಗಲಿಲ್ಲ. ಅಲ್ಲಿನ ಹವಾಮಾನ ಇನ್ನೂ ಫೋನ್‌ನಲ್ಲಿದೆ. ಜೂನ್ ಬಂದರೆ ಅಲ್ಲಿ ಸೂರ್ಯ ಮುಳುಗುವ ಹೊತ್ತು ಎಷ್ಟೆಂದು ನೋಡುತ್ತೇನೆ.