ದುಬಾರಿ ಟೆಸ್ಟರ್ ಇಲ್ಲದೆ ನನ್ನ ಚಿಪ್ ಟೆಸ್ಟ್ ಮಾಡಿದ್ದು ಹೀಗೆ

ಚಿಪ್ ಟೆಸ್ಟ್ ಮಾಡುವ ದೊಡ್ಡ ಮೆಷಿನ್‌ಗಳ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನನ್ನದು ಟೈನಿ ಟೇಪ್‌ಔಟ್ ಅನ್ನುವ, ಸಣ್ಣ ಡಿಸೈನ್‌ಗಳನ್ನು ಚಿಪ್ ಮಾಡಿಸಿಕೊಡುವ ಯೋಜನೆಯಲ್ಲಿ ಮಾಡಿಸಿದ ಪುಟ್ಟ ಡಿಸೈನ್, ಸ್ಕೈವಾಟರ್ ಅನ್ನುವ ಚಿಪ್ ಕಾರ್ಖಾನೆಯ 130 ನ್ಯಾನೋಮೀಟರ್ ಪ್ರಾಸೆಸ್. ಒಂದು ಯುಎಆರ್‌ಟಿ (ಅಕ್ಷರಗಳನ್ನು ಒಂದೊಂದೇ ಬಿಟ್ ಆಗಿ ಕಳಿಸುವ ಸರ್ಕ್ಯೂಟ್), ಒಂದು ಪಿಡಬ್ಲ್ಯೂಎಂ (ಪಲ್ಸ್‌ನ ಅಗಲ ಬದಲಿಸುವ ಸರ್ಕ್ಯೂಟ್), ಅಷ್ಟೇ. ಅಲ್ಲಿ ಎಷ್ಟೋ ಜನರ ಡಿಸೈನ್ ಒಂದೇ ಚಿಪ್‌ನಲ್ಲಿರುತ್ತವೆ, ಹಾಗಾಗಿ ಖರ್ಚು ಹಂಚಿಹೋಗುತ್ತದೆ. ನಮ್ಮ ಪಾಲಿಗೆ ಬರುವುದು 8 ಇನ್‌ಪುಟ್, 8 ಔಟ್‌ಪುಟ್, ಎರಡೂ ಕಡೆ ಬಳಸಬಹುದಾದ 8 ಪಿನ್, ಜೊತೆಗೆ ಕ್ಲಾಕ್ ಮತ್ತು ರೀಸೆಟ್.

ಚಿಪ್ ಜೊತೆ ಬಂದ ನನ್ನ ಡೆಮೊ ಬೋರ್ಡ್ ಮೇಲೆ ಆರ್‌ಪಿ2040 ಅನ್ನುವ ಒಂದು ಮೈಕ್ರೋಕಂಟ್ರೋಲರ್ ಇದೆ. ಅದೇ ನನ್ನ ಟೆಸ್ಟರ್. ಹೊಸದಾಗಿ ಟೆಸ್ಟ್ ಬರೆಯಲು ಹೋಗಲಿಲ್ಲ. ಡಿಸೈನ್ ಮಾಡುವಾಗ ಕೊಕೊಟಿಬಿಯಲ್ಲಿ (ಪೈಥಾನ್‌ನಲ್ಲಿ ಚಿಪ್ ಟೆಸ್ಟ್ ಬರೆಯುವ ಸಾಧನ) ಬರೆದ ಸಿಮ್ಯುಲೇಷನ್ ಇತ್ತಲ್ವಾ, ಅದರಿಂದಲೇ ಪ್ರತಿ ಕ್ಲಾಕ್‌ಗೂ ಇನ್‌ಪುಟ್ ಏನು, ಔಟ್‌ಪುಟ್ ಏನಿರಬೇಕು ಅಂತ ಒಂದು ಫೈಲಿಗೆ ಬರೆಸಿಕೊಂಡೆ. ಆರ್‌ಪಿ2040 ಮೇಲೆ ಓಡುವ ಮೈಕ್ರೋಪೈಥಾನ್ ಪ್ರೋಗ್ರಾಮ್ ಅದನ್ನು ಒಂದೊಂದೇ ಸಾಲು ಓದಿ, ಪಿನ್‌ಗೆ ಕೊಟ್ಟು, ಕ್ಲಾಕ್ ಒಮ್ಮೆ ಮಿಡಿಸಿ, ಉತ್ತರ ತಾಳೆ ನೋಡುತ್ತದೆ. ತುಂಬಾ ನಿಧಾನ, ಆದರೆ ಪರವಾಗಿಲ್ಲ. ಇದು ಸ್ಟ್ಯಾಟಿಕ್ ಲಾಜಿಕ್, ಕ್ಲಾಕ್ ನಿಲ್ಲಿಸಿ ಚಹಾ ಕುಡಿದು ಬಂದರೂ ಫ್ಲಿಪ್‌ಫ್ಲಾಪ್ (ಒಂದು ಬಿಟ್ ನೆನಪಿಡುವ ಸರ್ಕ್ಯೂಟ್) ಏನನ್ನೂ ಮರೆಯುವುದಿಲ್ಲ.

ಪವರ್ ತೆಗೆದು ಮತ್ತೆ ಕೊಟ್ಟು, ರೀಸೆಟ್ ಆದಮೇಲೆ ಪ್ರತಿ ಸಲವೂ ಒಂದೇ ಸ್ಥಿತಿಗೆ ಬರುತ್ತದಾ ನೋಡುವುದು ಮುಖ್ಯ. ನಿಜವಾದ ಚಿಪ್‌ನಲ್ಲಿ ಫ್ಲಿಪ್‌ಫ್ಲಾಪ್‌ಗಳು ಎದ್ದಾಗ 0 ಇರಬಹುದು, 1 ಇರಬಹುದು.

ಇನ್ನು ವೇಗ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ 8 ಚಾನೆಲ್‌ನ ಅಗ್ಗದ ಲಾಜಿಕ್ ಅನಲೈಸರ್‌ಗೆ (ಪಿನ್‌ಗಳ 0, 1 ದಾಖಲಿಸುವ ಸಾಧನ) ಕಂಪ್ಯೂಟರ್‌ನಲ್ಲಿ ಪಲ್ಸ್‌ವ್ಯೂ ಸಾಫ್ಟ್‌ವೇರ್ ಹಾಕಿಕೊಂಡರೆ ಯುಎಆರ್‌ಟಿ ಅಕ್ಷರಗಳನ್ನು ಆರಾಮಾಗಿ ಓದಬಹುದು. ಆದರೆ ಅದು ಸೆಕೆಂಡಿಗೆ 24 ಮಿಲಿಯನ್ ಸ್ಯಾಂಪಲ್ ಮಾತ್ರ ತೆಗೆಯುತ್ತದೆ, ಸಿಗ್ನಲ್ 5 ಮೆಗಾಹರ್ಟ್ಸ್ ದಾಟಿದರೆ ನಾನು ಅದನ್ನು ನಂಬುವುದಿಲ್ಲ. ಅದಕ್ಕೇ ಮೊದಲೇ ಡಿಸೈನ್ ಒಳಗೊಂದು ಉಪಾಯ ಇಟ್ಟಿದ್ದೆ. ಒಂದು ಪಿನ್ ಎತ್ತಿದರೆ ಸಾಕು, ಒಳಗಿನ ಎಲ್‌ಎಫ್‌ಎಸ್‌ಆರ್ (ಯಾದೃಚ್ಛಿಕವಾಗಿ ಕಾಣುವ ಬಿಟ್‌ಗಳನ್ನು ಹುಟ್ಟಿಸುವ ಸರ್ಕ್ಯೂಟ್) ತಾನೇ ಇನ್‌ಪುಟ್ ಹುಟ್ಟಿಸುತ್ತದೆ, ಔಟ್‌ಪುಟ್‌ಗಳೆಲ್ಲ ಮಡಚಿಕೊಂಡು 16 ಬಿಟ್‌ನ ಒಂದು ಸಹಿಯಾಗುತ್ತವೆ. ಪೂರ್ತಿ ವೇಗದಲ್ಲಿ ಓಡಿಸಿ, ಕ್ಲಾಕ್ ನಿಲ್ಲಿಸಿ, ಸಹಿಯನ್ನು ಪುರುಸೊತ್ತಾಗಿ ಓದಿ, ಸಿಮ್ಯುಲೇಷನ್‌ನ ಸಹಿಗೆ ತಾಳೆ ನೋಡುವುದು. ತಪ್ಪು ಉತ್ತರವೂ ಅದೇ ಸಹಿ ಕೊಡುವ ಸಾಧ್ಯತೆ ಸುಮಾರು 65,536ಕ್ಕೆ ಒಂದು, ನನಗಷ್ಟು ಸಾಕು. ಚಿಪ್‌ನಲ್ಲಿ ಜಾಗ ಸ್ವಲ್ಪ ಜಾಸ್ತಿ ಹೋಗುತ್ತದೆ ನಿಜ, ಆದರೂ ಬಿಡಬೇಡಿ.

ಆಮೇಲೆ ಕ್ಲಾಕ್ ಏರಿಸುತ್ತಾ ಹೋಗಿ, ಸಹಿ ಎಲ್ಲಿ ಕೆಡುತ್ತದೆ ನೋಡಿ. ಕ್ಲಾಕ್ ಇಳಿಸಿದರೆ ಸರಿಹೋಯಿತಾ? ಅದು ಸೆಟಪ್ ತೊಂದರೆ (ಮುಂದಿನ ಕ್ಲಾಕ್ ಬರುವಷ್ಟರಲ್ಲಿ ಡೇಟಾ ತಲುಪಿರುವುದಿಲ್ಲ), ನಿಧಾನವಾಗಿ ಓಡಿಸಿಕೊಂಡು ಬದುಕಬಹುದು. ಎಷ್ಟು ಇಳಿಸಿದರೂ ತಪ್ಪೇ ಬರುತ್ತಿದ್ದರೆ ಹೋಲ್ಡ್ ತೊಂದರೆ (ಕ್ಲಾಕ್ ಬಂದ ಕೂಡಲೇ ಡೇಟಾ ಬೇಗ ಬದಲಾಗಿಬಿಡುತ್ತದೆ) ಅಥವಾ ಲಾಜಿಕ್ಕೇ ತಪ್ಪು. ಕ್ಲಾಕ್ ಮಿತಿಯ ಹತ್ತಿರ ಇಟ್ಟು ಹೇರ್ ಡ್ರೈಯರ್‌ನಿಂದ ಬಿಸಿ ಗಾಳಿ ಬಿಟ್ಟರೆ ಸಹಿ ಕೆಡುವುದನ್ನು ಕಣ್ಣಾರೆ ನೋಡಬಹುದು, ಬಿಸಿಗೆ ಗೇಟ್‌ಗಳು ನಿಧಾನವಾಗುತ್ತವೆ.

ಪಿನ್‌ನ ಎಡ್ಜ್ ಎಷ್ಟು ಚೂಪಾಗಿದೆ, ರಿಂಗಿಂಗ್ (ಎಡ್ಜ್ ಆದಮೇಲೆ ಸಿಗ್ನಲ್ ತೂಗಾಡುವುದು) ಇದೆಯಾ ಅನ್ನೋದಕ್ಕೆ ಮಾತ್ರ ಒಳ್ಳೆ ಆಸಿಲೋಸ್ಕೋಪ್ ಬೇಕೇ ಬೇಕು. ಅದನ್ನು ಗೆಳೆಯನೊಬ್ಬನಿಂದ ಎರವಲು ತಂದೆ.