ಹೊಸ ಲ್ಯಾಪ್‌ಟಾಪ್‌ಗೆ ಇಮೇಜ್ ಇಳಿಯದಿದ್ದಾಗ ಮೊದಲು ನೋಡಬೇಕಾದ್ದು

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ ರಾಯಚೂರಿನ ಹತ್ತಿ ಮಿಲ್ಲುಗಳ ಲೆಕ್ಕಪತ್ರ ವಿಭಾಗಗಳಲ್ಲೂ ಗಂಗಾವತಿಯ ಅಕ್ಕಿ ಗಿರಣಿಗಳ ಕಚೇರಿಗಳಲ್ಲೂ ಬಳ್ಳಾರಿಯ ಕಾಲೇಜುಗಳಲ್ಲೂ ಹಳೆಯ ಯಂತ್ರಗಳ ಜಾಗಕ್ಕೆ ಹೊಸ ಬಿಸಿನೆಸ್ ಲ್ಯಾಪ್‌ಟಾಪ್‌ಗಳು ಬರುತ್ತಿವೆ. ಹಳೆಯ ಮಾದರಿಗಳ ಮೇಲೆ ವರ್ಷಗಟ್ಟಲೆ ಸರಾಗವಾಗಿ ಇಳಿದ ಇಮೇಜ್, ಅಂದರೆ ವಿಂಡೋಸ್ ಮತ್ತು ಬೇಕಾದ ತಂತ್ರಾಂಶಗಳನ್ನು ಒಟ್ಟಿಗೆ ಕಟ್ಟಿಟ್ಟ ನಕಲು, ಇವುಗಳ ಮುಂದೆ ಅರ್ಧಕ್ಕೇ ನಿಂತರೆ, ಆ ಇಮೇಜನ್ನೇ ಮತ್ತೆ ತಯಾರಿಸಲು ಕೂರುವವರು ಬಹಳ. ಆದರೆ ದೋಷ ಇಮೇಜಿನಲ್ಲಿರುವುದು ಅಪರೂಪ. ಇಮೇಜನ್ನು ಇಳಿಸುವ ವಿಂಡೋಸ್ ಪಿಇ ಎಂಬ ಚಿಕ್ಕ ಬೂಟ್ ಪರಿಸರಕ್ಕೆ ಹೊಸ ಯಂತ್ರದ ಡಿಸ್ಕೋ ನೆಟ್‌ವರ್ಕೋ ಕಾಣದಿರುವುದೇ ಹೆಚ್ಚಿನ ತೊಂದರೆಗಳ ಮೂಲ. ಆದ್ದರಿಂದ ಏನನ್ನೂ ಬದಲಿಸುವ ಮೊದಲು, ಕೆಲಸ ನಿಂತದ್ದು ಪಿಇ ಬರುವುದಕ್ಕೆ ಮುಂಚೆಯೋ, ಪಿಇ ಒಳಗೋ, ಇಮೇಜ್ ಇಳಿದು ಯಂತ್ರ ಮರುಪ್ರಾರಂಭವಾದ ಮೇಲೋ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಪಿಇ ಒಳಗೆ ನಿಂತಿದ್ದರೆ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ವಿಂಡೋಸ್ ಸೆಟಪ್‌ನಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಬೇಕು. ಸರ್ವರ್‌ನಿಂದ ಅನೇಕ ಯಂತ್ರಗಳಿಗೆ ಇಮೇಜ್ ಇಳಿಸುವ ಮೈಕ್ರೋಸಾಫ್ಟ್‌ನ ಕಾನ್ಫಿಗರೇಷನ್ ಮ್ಯಾನೇಜರ್ ಬಳಸುವವರು, ಬೂಟ್ ಇಮೇಜಿನಲ್ಲಿ ಕಮಾಂಡ್ ಸೌಲಭ್ಯವನ್ನು ಮೊದಲೇ ಸಕ್ರಿಯಗೊಳಿಸಿದ್ದರೆ, ಎಫ್8 ಒತ್ತಬೇಕು. ಅಲ್ಲಿ ಡಿಸ್ಕ್‌ಗಳನ್ನು ನಿರ್ವಹಿಸುವ ಡಿಸ್ಕ್‌ಪಾರ್ಟ್ ಆದೇಶ ನಡೆಸಿ ಲಿಸ್ಟ್ ಡಿಸ್ಕ್ ಎಂದು ಕೊಟ್ಟಾಗ ನಿಮ್ಮ ಪೆನ್‌ಡ್ರೈವ್ ಮಾತ್ರ ಕಂಡು, ಒಳಗಿನ ಎಸ್‌ಎಸ್‌ಡಿ ಕಾಣದಿದ್ದರೆ, ಡಿಸ್ಕ್ ಕೆಟ್ಟಿದೆಯೆಂದು ಕೂಡಲೇ ತೀರ್ಮಾನಿಸಬೇಡಿ. ಇಂಟೆಲ್‌ನ 11ನೇ ತಲೆಮಾರಿನಿಂದೀಚಿನ ಅನೇಕ ಬಿಸಿನೆಸ್ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ಡಿಸ್ಕ್ ನಿರ್ವಹಣೆಯ ವ್ಯವಸ್ಥೆ ಕಾರ್ಖಾನೆಯಿಂದಲೇ ಚಾಲೂ ಆಗಿ ಬರುತ್ತದೆ. ಎನ್‌ವಿಎಂಇ ಮಾದರಿಯ ಎಸ್‌ಎಸ್‌ಡಿ ಅದರ ಹಿಂದೆ ಇರುವುದರಿಂದ, ತಕ್ಕ ಡ್ರೈವರ್ ಇಲ್ಲದ ಪಿಇಗೆ ಅದು ಗೋಚರಿಸುವುದೇ ಇಲ್ಲ.

ಇದನ್ನು ಅಲ್ಲೇ ಪರೀಕ್ಷಿಸಬಹುದು. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಆ ಮಾದರಿಗೆಂದೇ ಕೊಟ್ಟಿರುವ ಇಂಟೆಲ್ ರಾಪಿಡ್ ಸ್ಟೋರೇಜ್ ಡ್ರೈವರನ್ನು ಇಳಿಸಿಕೊಂಡು, ಬಿಚ್ಚಿ, ಡ್ರೈವರ್‌ನ ವಿವರವಿರುವ ಐಎನ್‌ಎಫ್ ಕಡತಗಳಿರುವ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಪಿಇಯ ಪ್ರಾಂಪ್ಟ್‌ನಲ್ಲಿ ಡ್ರೈವರ್ ಹಾಕುವ ಡಿಆರ್‌ವಿಲೋಡ್ ಆದೇಶಕ್ಕೆ ವಿಎಂಡಿಯ ಐಎನ್‌ಎಫ್ ಕಡತದ ದಾರಿ ಕೊಟ್ಟು, ಡಿಸ್ಕ್‌ಪಾರ್ಟ್‌ನಲ್ಲಿ ರೀಸ್ಕ್ಯಾನ್ ಮಾಡಿ. ಡಿಸ್ಕ್ ಕಾಣಿಸಿಕೊಂಡರೆ ಕಾರಣ ಸಿಕ್ಕಂತೆಯೇ. ಬಳಿಕ ಇಮೇಜುಗಳನ್ನು ತಿದ್ದುವ ಡಿಸ್ಮ್ ಆದೇಶದ ಮೂಲಕ, ಪಿಇ ಇರುವ ಬೂಟ್.ವಿಮ್ ಕಡತವನ್ನು ಮೌಂಟ್ ಮಾಡಿ (ತೆರೆದು), ಡ್ರೈವರ್ ಸೇರಿಸಿ, ಕಮಿಟ್ ಕೊಟ್ಟು (ಉಳಿಸಿ) ಅನ್‌ಮೌಂಟ್ ಮಾಡಬೇಕು. ಮೈಕ್ರೋಸಾಫ್ಟ್‌ನ ಇನ್‌ಸ್ಟಾಲ್ ಡಿಸ್ಕಿನಲ್ಲಿರುವ ಬೂಟ್.ವಿಮ್‌ಗೆ ಎರಡು ಇಂಡೆಕ್ಸ್‌ಗಳು, ಅಂದರೆ ಎರಡು ಪ್ರತ್ಯೇಕ ಇಮೇಜುಗಳು, ಇವೆ. ಸೆಟಪ್ ನಡೆಯುವುದು 2ನೆಯದರಲ್ಲಿ. 1ಕ್ಕೆ ಮಾತ್ರ ಡ್ರೈವರ್ ಹಾಕಿ, ಏನೂ ಬದಲಾಗಲಿಲ್ಲವೆಂದು ದಿನವಿಡೀ ಹುಡುಕುವವರಿದ್ದಾರೆ. ಅದೇ ಡ್ರೈವರ್ ಇನ್‌ಸ್ಟಾಲ್ ಆಗುವ ವಿಂಡೋಸ್‌ಗೂ ಬೇಕು, ಇಲ್ಲವಾದರೆ ಇಮೇಜ್ ಪೂರ್ತಿ ಇಳಿದ ಮೇಲೂ ಮೊದಲ ಬೂಟಿನಲ್ಲೇ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂಬ ಪರದೆ ಎದುರಾಗುತ್ತದೆ. ಸರ್ವರ್‌ನಿಂದ ಬೂಟ್ ಮಾಡಿಸುವವರು ಬದಲಾದ ಬೂಟ್ ಇಮೇಜನ್ನು ಸರ್ವರ್‌ಗೂ ಮತ್ತೆ ಏರಿಸಬೇಕು.

ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ವಿಎಂಡಿಯನ್ನು ಬಂದ್ ಮಾಡಿ ಎಎಚ್‌ಸಿಐ ಎಂಬ ಸಾಮಾನ್ಯ ಡಿಸ್ಕ್ ವಿಧಾನ ಇಟ್ಟರೂ ಡಿಸ್ಕ್ ಕಾಣುತ್ತದೆ, ನಿಜ. ಒಂದೆರಡು ಯಂತ್ರಗಳಿಗೆ ಅದು ಸಾಕು. ಹತ್ತಾರು ಯಂತ್ರಗಳಿರುವ ಕಚೇರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಮುಂದೆಂದೋ ಬಯಾಸ್ ಮೂಲ ಸ್ಥಿತಿಗೆ ಮರಳಿದರೆ ಅಥವಾ ಮದರ್‌ಬೋರ್ಡ್ ಬದಲಾದರೆ, ಆ ಡ್ರೈವರ್ ಇಲ್ಲದ ವಿಂಡೋಸ್ ಏಳುವುದೇ ಇಲ್ಲ, ಆಗ ಎದುರಿಗಿರುವ ಗುಮಾಸ್ತರಿಗೆ ಕಾರಣವೂ ತಿಳಿಯುವುದಿಲ್ಲ.

ಪಿಇ ಬಂದು ನೆಟ್‌ವರ್ಕ್ ಸಿಗದಿದ್ದರೆ ಐಪಿಕಾನ್ಫಿಗ್ ಕೊಟ್ಟು ನೋಡಿ. ಅಡಾಪ್ಟರ್ ಹೆಸರೇ ಬರದಿದ್ದರೆ ಯುಎಸ್‌ಬಿ-ಸಿ ಡಾಂಗಲ್ ಅಥವಾ ಡಾಕ್‌ನ ಡ್ರೈವರ್ ಬೂಟ್ ಇಮೇಜಿನಲ್ಲಿಲ್ಲ ಎಂದರ್ಥ. ಈಥರ್ನೆಟ್ ಪೋರ್ಟ್ ಇಲ್ಲದ ತೆಳು ಲ್ಯಾಪ್‌ಟಾಪ್‌ಗಳಿಗೆ ಒಂದೇ ಡಾಂಗಲನ್ನು ಸರದಿಯಂತೆ ಹಾಕುವಾಗ ಇನ್ನೊಂದು ತೊಡಕಿದೆ. ಕಾನ್ಫಿಗರೇಷನ್ ಮ್ಯಾನೇಜರ್ ಡಾಂಗಲ್‌ನ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್ ಸಾಧನದ ಗುರುತಿನ ಸಂಖ್ಯೆ) ಹಿಂದಿನ ಯಂತ್ರದ್ದೆಂದೇ ತಿಳಿದು ಎರಡನೆಯದಕ್ಕೆ ಇಮೇಜ್ ಕೊಡುವುದಿಲ್ಲ. ಆ ವಿಳಾಸವನ್ನು ಹಲವು ಯಂತ್ರಗಳಿಗೆ ಒಂದೇ ಆಗಿರುವ ಗುರುತುಗಳ ಪಟ್ಟಿಗೆ ಸೇರಿಸಿದರೆ ಇದು ಪರಿಹಾರವಾಗುತ್ತದೆ. ಪಿಎಕ್ಸ್‌ಇ ಬೂಟೇ, ಅಂದರೆ ನೆಟ್‌ವರ್ಕ್ ಮೂಲಕ ಸರ್ವರ್‌ನಿಂದ ಬೂಟೇ, ಆಗದಿದ್ದರೆ ಬಯಾಸ್‌ನಲ್ಲಿ ಯುಇಎಫ್‌ಐ ನೆಟ್‌ವರ್ಕ್ ಸ್ಟ್ಯಾಕ್ ಎಂಬ ಆಯ್ಕೆ ಚಾಲೂ ಇದೆಯೇ ನೋಡಿ. ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯ 67ನೇ ಆಪ್ಷನ್‌ನಲ್ಲಿ ಹಳೆಯ ಲೆಗಸಿ ಬೂಟ್ ಕಡತದ ಹೆಸರು ಉಳಿದಿದ್ದರೂ ಹೊಸ ಯಂತ್ರಗಳು ಮುಂದೆ ಹೋಗುವುದಿಲ್ಲ.

ಪಿಇ ಬರುವ ಮುಂಚೆಯೇ ಭದ್ರತೆಯ ಎಚ್ಚರಿಕೆ ಬಂದರೆ ಅದು ನಂಬಿಕೆಯ ಸಹಿಯಿರುವ ಕಡತಗಳಿಂದ ಮಾತ್ರ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್‌ಗೆ ಸೇರಿದ ವಿಷಯ. ಆ ಸಹಿಗಳನ್ನು ದೃಢೀಕರಿಸುವ ಮೈಕ್ರೋಸಾಫ್ಟ್‌ನ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಹಂತಹಂತವಾಗಿ ಮುಗಿಯುವುದರಿಂದ 2023ರ ಪ್ರಮಾಣಪತ್ರಗಳು ಬಳಕೆಗೆ ಬಂದಿವೆ. ಹಳೆಯದನ್ನು ರದ್ದುಪಡಿಸಿರುವ ಯಂತ್ರದಲ್ಲಿ ಹಳೆಯ ಪೆನ್‌ಡ್ರೈವ್ ಬೂಟ್ ಆಗುವುದಿಲ್ಲ. ಹೊಸ ಸಹಿಯ ಬೂಟ್ ಕಡತಗಳಿಂದ ಪೆನ್‌ಡ್ರೈವನ್ನು ಮತ್ತೆ ತಯಾರಿಸುವುದೇ ಸರಿಯಾದ ದಾರಿ. ಲಿನಕ್ಸ್ ಆಧಾರಿತ ಇಮೇಜಿಂಗ್ ಸಾಧನ ಬಳಸುವವರು, ಬಯಾಸ್‌ನಲ್ಲಿ ಮೂರನೇ ಪಕ್ಷದ ಪ್ರಮಾಣಪತ್ರಕ್ಕೆ ಅನುಮತಿಯಿದೆಯೇ ಎಂದು ನೋಡಬೇಕು, ಏಕೆಂದರೆ ಹೆಚ್ಚಿನ ಭದ್ರತೆಯೊಂದಿಗೆ ಬರುವ ಸೆಕ್ಯೂರ್ಡ್ ಕೋರ್ ಯಂತ್ರಗಳಲ್ಲಿ ಅದು ಮೊದಲಿನಿಂದಲೇ ಬಂದ್ ಇರುತ್ತದೆ. ದಯವಿಟ್ಟು ಸೆಕ್ಯೂರ್ ಬೂಟನ್ನೇ ಕಿತ್ತುಹಾಕಿ ಯಂತ್ರ ಒಪ್ಪಿಸಬೇಡಿ. ಬಳಕೆಯಲ್ಲಿರುವ ಯಂತ್ರದ ಬಯಾಸ್ ಮುಟ್ಟುವ ಮೊದಲು, ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್‌ನ ರಿಕವರಿ ಕೀ ನಿಮ್ಮ ಕೈಯಲ್ಲಿರಲೇಬೇಕು.

ನಮ್ಮ ಭಾಗದ ಮಟ್ಟಿಗೆ ಇನ್ನೊಂದು ಮಾತು. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತದೆ, ಆದರೆ ನೆಟ್‌ವರ್ಕ್ ಸ್ವಿಚ್ ಯುಪಿಎಸ್ ಮೇಲಿಲ್ಲದಿದ್ದರೆ ಎಲ್ಲ ಯಂತ್ರಗಳ ಕೆಲಸವೂ ಒಮ್ಮೆಗೇ ತುಂಡಾಗುತ್ತದೆ. ಬೇಸಿಗೆಯಲ್ಲಿ ಲ್ಯಾಪ್‌ಟಾಪ್‌ಗಳನ್ನು ಒಂದರ ಮೇಲೊಂದು ಪೇರಿಸದೆ, ಗಾಳಿಯಾಡುವಂತೆ ಹರಡಿ ಇಡಿ.

ಇಷ್ಟಾದರೂ ಕಾರಣ ಸಿಗದಿದ್ದರೆ ಲಾಗ್, ಅಂದರೆ ಯಂತ್ರ ಬರೆದಿಟ್ಟ ಕೆಲಸದ ದಾಖಲೆ, ಓದಬೇಕು. ಸೆಟಪ್ ಬಳಸಿದ್ದರೆ ಪ್ಯಾಂಥರ್ ಫೋಲ್ಡರಿನ ಸೆಟಪ್‌ಆ್ಯಕ್ಟ್ ಲಾಗ್, ಕಾನ್ಫಿಗರೇಷನ್ ಮ್ಯಾನೇಜರ್ ಆದರೆ ಎಸ್‌ಎಂಎಸ್‌ಟಿಎಸ್ ಲಾಗ್. ಪಿಇಯ ಎಕ್ಸ್ ಡ್ರೈವ್ ಇರುವುದು ರ‍್ಯಾಮ್‌ನಲ್ಲಿ. ಯಂತ್ರ ಮರುಪ್ರಾರಂಭವಾದರೆ ಅದರಲ್ಲಿರುವ ಲಾಗ್‌ಗಳು ಅಳಿಸಿಹೋಗುತ್ತವೆ, ಆದ್ದರಿಂದ ಪವರ್ ಬಟನ್ ಒತ್ತುವ ಮೊದಲೇ ಅವನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ.