ಅಗಸಿ ಹಿಂಡಿ ಕುಟ್ಟುವ ಬಗೆ

ಹೊಟ್ಟೆ ಕಟ್ಟಿದೆ ಎಂದು ಗೊಣಗುವ ಹುಡುಗ ಹುಡುಗಿಯರೆಲ್ಲ ಈಗ ಅಗಸಿ ತಿನ್ನುತ್ತಾರೆ. ತಿನ್ನಲಿ, ಒಳ್ಳೆಯದೇ. ಆದರೆ ಹಸಿ ಕಾಳನ್ನು ಹಾಗೆಯೇ ಬಾಯಿಗೆ ಸುರಿದುಕೊಂಡು ನುಂಗುವುದನ್ನು ನೋಡಿದರೆ ಮೈ ಉರಿಯುತ್ತದೆ. ಅಗಿಯದೆ ನುಂಗಿದ ಕಾಳು ಬಹುಪಾಲು ಹೋದ ಹಾಗೆಯೇ ಹೊರಬರುತ್ತದೆ. ಒಳಗಿನ ಎಣ್ಣೆಯ ಸತ್ವ ಮೈಗೆ ಹತ್ತುವುದೇ ಇಲ್ಲ.

ನಮ್ಮ ಕಲಬುರಗಿ ಕಡೆ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುವುದು ಸುಮ್ಮನೆ ಅಲ್ಲ. ಕಾಳನ್ನು ಹಸನು ಮಾಡಿ, ಕಬ್ಬಿಣದ ಹಂಚನ್ನು ಸಣ್ಣ ಉರಿಯ ಮೇಲಿಟ್ಟು, ಒಂದೇ ಪದರವಾಗುವಷ್ಟು ಹಾಕಿ ಕೈಬಿಡದೆ ತಿರುವಬೇಕು. ಮೊದಲು ಒಂದೆರಡು ಚಟ್ ಎನ್ನುತ್ತವೆ, ಆಮೇಲೆ ಒಟ್ಟಿಗೆ ಸಿಡಿಯತೊಡಗುತ್ತವೆ. ಆ ಸದ್ದು ಇಳಿಯುವ ಮೊದಲೇ ತಾಟಿಗೆ ಸುರಿಯಬೇಕು, ಬಿಸಿ ಹಂಚಿನ ಮೇಲೆಯೇ ಬಿಟ್ಟರೆ ಕಹಿಯಾಗುತ್ತದೆ. ನಮ್ಮ ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಲೇ ಆ ಸದ್ದು ಕೇಳಿ, "ಇಳಿಸು" ಎಂದು ಕೂಗುತ್ತಿದ್ದರು. ಪೂರ್ತಿ ಆರಿದ ಮೇಲೆಯೇ ಒರಳಿಗೆ ಹಾಕಿ. ಬಿಸಿಯಿದ್ದಾಗ ಮಿಕ್ಸಿಗೆ ಹಾಕಿ ಗರ್ರೆನಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹುರಿದ ಒಣಮೆಣಸಿನಕಾಯಿ, ಜೀರಿಗೆ, ಉಪ್ಪು, ಚೂರು ಹುಣಸೆಹಣ್ಣು ಸೇರಿಸಿ ತರಿತರಿಯಾಗಿ ಕುಟ್ಟಿ. ಬೆಳ್ಳುಳ್ಳಿಯನ್ನು ಸಿಪ್ಪೆಯೊಂದಿಗೇ ಕೊನೆಗೆ ಹಾಕಿ ನಾಲ್ಕು ಪೆಟ್ಟು ಕೊಡಿ, ಸಾಕು. ಆ ಹಂಚನ್ನು ಮಾತ್ರ ಸೋಪಿನ ಪುಡಿ ಹಾಕಿ ಉಜ್ಜಬೇಡಿ, ಮರುದಿನ ರೊಟ್ಟಿ ಅಂಟಿಕೊಂಡರೆ ಹಿಟ್ಟನ್ನು ಬೈಯುತ್ತೀರಿ.

ವಾರಕ್ಕಾಗುವಷ್ಟೇ ಕುಟ್ಟಿ. ಪುಡಿಯಾದ ಅಗಸಿ ಬೇಗ ಕಮಟು ಹಿಡಿಯುತ್ತದೆ, ಕಲಬುರಗಿಯ ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಬಿಸಿ ಜೋಳದ ರೊಟ್ಟಿಗೆ ಮೊಸರಿನಲ್ಲಿ ಕಲಸಿ ತಿನ್ನಿ, ಜೊತೆಗೆ ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ ಇರಲಿ. ಮೊದಲ ದಿನವೇ ಮುಷ್ಟಿಗಟ್ಟಲೆ ತಿಂದು ಹೊಟ್ಟೆ ಉಬ್ಬಿತು ಎನ್ನಬೇಡಿ, ಚಿಟಿಕೆಯಿಂದ ಶುರುಮಾಡಿ. ಅಗಸಿ ನೀರು ಹೀರಿ ಉಬ್ಬುವ ಕಾಳು. ದಿನವಿಡೀ ನೀರು, ಮಜ್ಜಿಗೆ ಕುಡಿಯದಿದ್ದರೆ ಇದ್ದ ಕಷ್ಟ ಇಮ್ಮಡಿಯಾಗುತ್ತದೆ.

ರಕ್ತ ಕಡಿಮೆ ಎಂದು ಪುಂಡಿಪಲ್ಯ, ಕಾಳುಪಲ್ಯ ತಿನ್ನುವವರದು ಬೇರೆಯೇ ಅವತಾರ. ಊಟದ ತಾಟು ಎತ್ತುವ ಮೊದಲೇ ಚಹಾ ಬೇಕು! ಚಹಾ ಆ ಕಬ್ಬಿಣಾಂಶವನ್ನು ಮೈಗೆ ಸರಿಯಾಗಿ ಸೇರಗೊಡುವುದಿಲ್ಲ. ಒಂದು ತಾಸು ತಡೆಯಿರಿ, ಕಾಳುಪಲ್ಯಕ್ಕೆ ನಿಂಬೆ ಹಿಂಡಿಕೊಳ್ಳಿ.

ದಿನವೂ ಮಾತ್ರೆ ನುಂಗುವವರು ಅಗಸಿಗೂ ಮಾತ್ರೆಗೂ ನಡುವೆ ಒಂದೆರಡು ತಾಸು ಬಿಡಿ. ಮಲದಲ್ಲಿ ರಕ್ತ ಕಂಡರೆ ಹಿಂಡಿಯ ಡಬ್ಬಿ ಮುಚ್ಚಿಟ್ಟು ವೈದ್ಯರ ಬಳಿಗೆ ನಡೆಯಿರಿ.